ದೇವರಿಲ್ಲವೆನ್ನುವ ನೆರೆಯವನೂ ನಾವೂ

(ಓದತಕ್ಕ ವೇದಭಾಗ: ಮತ್ತಾಯನ ಸುವಾರ್ತೆ 21ನೆಯ ಅಧ್ಯಾಯ, 28ರಿಂದ 32ನೆಯ ವಚನಗಳು)



ದ್ರಾಕ್ಷೆಯ ತೋಟವಿದ್ದ ಒಬ್ಬ ತಂದೆಯ ಸಾಮ್ಯವನ್ನು ನಮ್ಮ ಕರ್ತನು ಯೆರೂಸಲೇಮಿನ ದೇವಾಲಯದಲ್ಲಿ ಹೇಳಿದನು. ಆ ತಂದೆಗೆ ಇಬ್ಬರು ಗಂಡುಮಕ್ಕಳು. ತೋಟದ ಕೆಲಸಕ್ಕೆ ಹೋಗೆಂದು ಹೇಳಿದಾಗ ಒಬ್ಬನು ತಂದೆಯ ಮುಖದೆದುರಿಗೇ ಒಲ್ಲೆನೆಂದನು. ಆದರೆ ತರುವಾಯ ಪಶ್ಚಾತ್ತಾಪಪಟ್ಟು ಗುದ್ದಲಿ ಹಿಡಿದು ಹೋದನು. ಮತ್ತೊಬ್ಬನು ಬಹು ಮರ್ಯಾದೆಯಿಂದ ಹೋಗುವೆನೆಂದನು. ಆದರೆ ಮನೆಯ ಜಗಲಿಯನ್ನು ಬಿಟ್ಟು ಕದಲಲಿಲ್ಲ. ಇವರಿಬ್ಬರಲ್ಲಿ ತಂದೆಯ ಚಿತ್ತದಂತೆ ನಡೆದವನು ಯಾರೆಂದು ಕರ್ತನು ಕೇಳಿದನು. ಕೇಳಿದ್ದು ಯಾರನ್ನು? ದಾರಿಹೋಕರನ್ನಲ್ಲ, ಅನ್ಯಜನರನ್ನಲ್ಲ, ದೇವಾಲಯದಲ್ಲಿ ಮೊದಲನೆಯ ಸ್ಥಾನಗಳಲ್ಲಿ ಕುಳಿತುಕೊಳ್ಳುತ್ತಿದ್ದ ಯಾಜಕರನ್ನೂ ಹಿರಿಯರನ್ನೂ. ಅಂದರೆ, ಪ್ರಿಯರೇ, ಹೋಗುವೆವೆಂದು ಪ್ರತಿ ಭಾನುವಾರವೂ ಹೇಳುವ ನಮ್ಮಂಥವರನ್ನು.

ಈ ಸಾಮ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಗ್ರಾಮಸಭೆಗಳಲ್ಲಿ ಎದ್ದಿರುವ ಒಂದು ಪ್ರಶ್ನೆಯನ್ನು ವಿಚಾರಿಸೋಣ. ನಮ್ಮ ಅಜ್ಜಂದಿರ ಕಾಲದಲ್ಲಿ ಸುತ್ತಲಿದ್ದವರು ಬೇರೆ ಬೇರೆ ದೇವರುಗಳನ್ನು ಪೂಜಿಸುವವರಾಗಿದ್ದರು. ಈಗಲೋ ದೇವರೇ ಇಲ್ಲವೆಂದು ಹೇಳುವವರು ಅಲ್ಲಲ್ಲಿ ಕಾಣಬರುತ್ತಾರೆ. ಅವರೆಲ್ಲರೂ ದೂರದ ಪಟ್ಟಣದವರಲ್ಲ. ನಮ್ಮ ಶಾಲೆಯಲ್ಲಿ ಅಕ್ಷರ ಕಲಿತವರುಂಟು. ನಮ್ಮ ದೇವಾಲಯದಲ್ಲಿಯೇ ದೀಕ್ಷಾಸ್ನಾನ ಹೊಂದಿದವರುಂಟು. ನಮ್ಮ ಅಕ್ಕತಂಗಿಯರ ಮಕ್ಕಳುಂಟು. ಇವರ ಸಂಗಡ ನಾವು ಹೇಗೆ ನಡೆದುಕೊಳ್ಳಬೇಕು? ದ್ವೇಷಿಸಬೇಕೋ? ಹೆದರಬೇಕೋ? ಮನೆಯಿಂದ ಹೊರಗಿಡಬೇಕೋ? ಇಲ್ಲವೆ, ನಮ್ಮ ನಂಬಿಕೆಯನ್ನು ಬಿಡದೆ ಅವರನ್ನು ಸನ್ಮಾನಿಸುವ ದಾರಿಯೊಂದುಂಟೋ?

ಉತ್ತರ ಹೇಳುವದಕ್ಕೆ ಮುಂಚೆ ನಮ್ಮದೇ ಒಂದು ಅಪರಾಧವನ್ನು ಅರಿಕೆಮಾಡುತ್ತೇವೆ. ಕೆಲವು ವರುಷಗಳ ಹಿಂದೆ ನಾವು ಸೇವೆಮಾಡುತ್ತಿದ್ದ ಒಂದು ಹಳ್ಳಿಯ ಸಭೆಯಲ್ಲಿ ಒಬ್ಬ ವಿಧವೆಯಿದ್ದಳು. ಆಕೆಯ ಒಬ್ಬನೇ ಮಗನು ಓದಿ ಉಪಾಧ್ಯಾಯನಾದನು. ಓದುವ ಕಾಲದಲ್ಲಿಯೇ ದೇವರಲ್ಲಿದ್ದ ನಂಬಿಕೆಯು ಅವನನ್ನು ಬಿಟ್ಟುಹೋಗಿತ್ತು. ಅದನ್ನು ಅವನು ಮುಚ್ಚಿಡಲಿಲ್ಲ. ಕೇಳಿದವರಿಗೆ ಇದ್ದ ಹಾಗೆ ಹೇಳಿದನು. ತಾಯಿಗೆ ವಯಸ್ಸಾಗಿ ಕಣ್ಣು ಮಬ್ಬಾದಾಗ ಪ್ರತಿ ಭಾನುವಾರ ಆಕೆಯ ಕೈಹಿಡಿದು ದೇವಾಲಯದ ಬಾಗಿಲ ವರೆಗೆ ಕರತರುತ್ತಿದ್ದನು. ಆರಾಧನೆಯು ಮುಗಿಯುವ ತನಕ ಹೊರಗೆ ಹೊಂಗೆಯ ಮರದ ಕೆಳಗೆ ಕುಳಿತಿದ್ದು ತಿರಿಗಿ ಮನೆಗೆ ಕರಕೊಂಡು ಹೋಗುತ್ತಿದ್ದನು. ರಾತ್ರಿಯಲ್ಲಿ ತಾಯಿ ಕೇಳಿದ ಅಧ್ಯಾಯವನ್ನು ಸತ್ಯವೇದದಿಂದ ಓದಿ ಹೇಳುತ್ತಿದ್ದವನೂ ಅವನೇ. ಇದನ್ನು ಆಕೆಯೇ ನಮಗೆ ತಿಳಿಸಿದ್ದಳು. ನಾವೋ ಅವನನ್ನು ಮರದ ಕೆಳಗೆ ಕಂಡಾಗಲೆಲ್ಲಾ ಮುಖ ತಿರುಗಿಸಿಕೊಂಡೆವು. ಒಂದು ಸಾರಿ ಪ್ರಸಂಗದಲ್ಲಿ, ಅವಿಶ್ವಾಸಿಗಳಿಗೆ ಅನ್ನ ಹಾಕುವ ಮನೆಗಳಿಗೆ ಆಶೀರ್ವಾದವಿಲ್ಲವೆಂದು ಗಟ್ಟಿಯಾಗಿ ಹೇಳಿದೆವು. ಮುದುಕಿಯು ತಲೆ ತಗ್ಗಿಸಿಕೊಂಡು ಕುಳಿತಿದ್ದಳು. ಹೊರಗೆ ಮರದ ಕೆಳಗಿದ್ದವನಿಗೂ ಆ ಮಾತು ಕೇಳಿಸಿರಬೇಕು.

ಒಂದು ಮಳೆಗಾಲದಲ್ಲಿ ಆ ತಾಯಿಯು ಕರ್ತನಲ್ಲಿ ನಿದ್ರೆಹೋದಳು. ಶವದ ಪೆಟ್ಟಿಗೆಯನ್ನು ಎತ್ತುವ ವೇಳೆಯಲ್ಲಿ ಸಭೆಯ ಒಬ್ಬ ಹಿರಿಯನು, ದೇವರನ್ನು ಅಲ್ಲಗಳೆಯುವವನ ಹೆಗಲು ವಿಶ್ವಾಸಿಯ ಪೆಟ್ಟಿಗೆಗೆ ತಗಲಕೂಡದೆಂದು ಅಡ್ಡಹಾಕಿದನು. ಹಾಗೆಂಬ ಆಜ್ಞೆಯು ಸತ್ಯವೇದದಲ್ಲಿ ಎಲ್ಲಿಯೂ ಇಲ್ಲವೆಂಬದು ನಮಗೆ ಗೊತ್ತಿತ್ತು. ಆದರೂ ಹಿರಿಯರ ಮನಸ್ಸು ಮುರಿಯುವದೆಂದು ಹೆದರಿ ಸುಮ್ಮನಿದ್ದೆವು. ಮಗನು ಜಗಳವಾಡಲಿಲ್ಲ. ಸ್ಮಶಾನದ ಬೇಲಿಯ ಹೊರಗೆ ಮಳೆಯಲ್ಲಿ ನಿಂತಿದ್ದನು. ಎಲ್ಲರೂ ಹೊರಟುಹೋದ ಮೇಲೆ ನಾವು ತಿರುಗಿನೋಡಿದಾಗ, ಅವನೊಬ್ಬನೇ ಒಳಗೆ ಹೋಗಿ ತನ್ನ ತಾಯಿಯ ಸಮಾಧಿಯ ಮೇಲೆ ಮೂರು ಹಿಡಿ ಮಣ್ಣು ಹಾಕುತ್ತಿದ್ದನು. ಆ ದಿವಸ ತಂದೆಯ ಚಿತ್ತದಂತೆ ನಡೆದವನು ಯಾರು? ಈ ಸಂಗತಿಯ ಉಳಿದ ಭಾಗವನ್ನು ಕಡೆಯಲ್ಲಿ ಹೇಳುವೆವು. ಅದಕ್ಕೆ ಮುಂಚೆ ನಾಲ್ಕು ವಿಷಯಗಳನ್ನು ಕೂಡಿ ಧ್ಯಾನಿಸೋಣ.

ಮೊದಲನೆಯದು. ನಾಸ್ತಿಕರೆಂಬ ಹೆಸರು ಒಂದಾನೊಂದು ಕಾಲದಲ್ಲಿ ನಮ್ಮದಾಗಿತ್ತು.

ಆದಿಸಭೆಯವರಿಗೆ ಗುಡಿಯಿರಲಿಲ್ಲ, ವಿಗ್ರಹವಿರಲಿಲ್ಲ, ಬಲಿಯಿರಲಿಲ್ಲ. ರೋಮ್ ರಾಜ್ಯದ ದೇವತೆಗಳಿಗೆ ಅವರು ಧೂಪಹಾಕಲಿಲ್ಲ. ಆದದರಿಂದ ಜನರು ಅವರನ್ನು ದೇವರಿಲ್ಲದವರೆಂದು ಕರೆದರು. ಕ್ರಿಸ್ತ ಶಕ 155ರ ಸುಮಾರಿನಲ್ಲಿ ಸ್ಮುರ್ನ ಪಟ್ಟಣದ ಸಭಾಧ್ಯಕ್ಷನಾಗಿದ್ದ ವೃದ್ಧ ಪೊಲಿಕಾರ್ಪನನ್ನು ಹಿಡಿದು ಆಟದ ಬೈಲಿಗೆ ತಂದರು. ನಾಸ್ತಿಕರು ಹಾಳಾಗಲೆಂದು ಹೇಳಿ ಬದುಕಿಕೋ ಎಂದು ಅಧಿಪತಿಯು ಅವನಿಗೆ ಬುದ್ಧಿಹೇಳಿದನು. ನಾಸ್ತಿಕರೆಂದರೆ ಅಲ್ಲಿ ಕ್ರೈಸ್ತರೇ. ಅದೇ ಕಾಲದಲ್ಲಿ ರೋಮಿನಲ್ಲಿದ್ದ ಯುಸ್ತಿನನೆಂಬ ಪಂಡಿತನು ಚಕ್ರವರ್ತಿಗೆ ಬರೆದ ವಿಜ್ಞಾಪನೆಯಲ್ಲಿ, ನಿಮ್ಮ ದೇವತೆಗಳ ವಿಷಯದಲ್ಲಿ ನಾವು ನಾಸ್ತಿಕರೇ ಸರಿ, ಸತ್ಯದೇವರ ವಿಷಯದಲ್ಲಿ ಅಲ್ಲವೆಂಬ ಭಾವವನ್ನು ಧೈರ್ಯವಾಗಿ ತಿಳಿಸಿದನು. ಇಬ್ಬರೂ ತಮ್ಮ ಪ್ರಾಣವನ್ನು ಕೊಟ್ಟರು. ನಮ್ಮ ದೇಶದಲ್ಲಿಯೂ ಋಗ್ವೇದಾದಿಗಳ ಪ್ರಮಾಣವನ್ನು ಒಪ್ಪದ ಬೌದ್ಧರನ್ನೂ ಜೈನರನ್ನೂ ಶಾಸ್ತ್ರಜ್ಞರು ನಾಸ್ತಿಕರೆಂದೇ ಎಣಿಸಿದರು. ಒಬ್ಬನು ನಮ್ಮ ಹಾಗೆ ನಂಬದಿದ್ದರೆ ಅವನಿಗೆ ಈ ಹೆಸರಿಡುವದು ಬಹು ಹಳೆಯ ವಾಡಿಕೆ.

ದೂರದ ಮಾತೇಕೆ? ನಮ್ಮ ಅಜ್ಜಂದಿರು ಮಾರಿಹಬ್ಬಕ್ಕೆ ವಂತಿಗೆ ಕೊಡೆವೆಂದು ಹೇಳಿದಾಗ ಊರು ಏನು ಮಾಡಿತು? ದೇವರ ಭಯವಿಲ್ಲದವರೆಂದು ಬೈದು, ಬಾವಿಯ ನೀರನ್ನು ನಿಲ್ಲಿಸಿತು, ಕ್ಷೌರಿಕನು ಬಾರದ ಹಾಗೆ ಮಾಡಿತು, ಕೂಲಿಗೆ ಕರೆಯಲಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನಿನವರು ನೇಯ್ಗೆಯ ಕೆಲಸವನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಪ್ರಾರಂಭಿಸಿದ್ದಕ್ಕೆ ಒಂದು ಕಾರಣವೇನಂದರೆ, ಕುಲದವರಿಂದ ಹೊರಗಾದ ವಿಶ್ವಾಸಿಗಳಿಗೆ ಜೀವನಕ್ಕೆ ಬೇರೆ ದಾರಿಯಿರಲಿಲ್ಲ. ಆಗ ನಮ್ಮವರಿಗೆ ಆಸರೆಯಾದದ್ದು 1850ರ ಒಂದು ಕಾಯಿದೆ. ಒಬ್ಬನು ತನ್ನ ಮತವನ್ನು ಬಿಟ್ಟರೂ ಜಾತಿಯಿಂದ ಹೊರಗಾದರೂ ಆ ಕಾರಣದಿಂದ ಅವನ ಆಸ್ತಿಯ ಹಕ್ಕು ಹೋಗಲಾರದೆಂದು ಅದು ವಿಧಿಸಿತು. ಗಮನಿಸಿರಿ, ಆ ಕಾಯಿದೆಯು ಕ್ರೈಸ್ತನಾದವನಿಗೆ ಮಾತ್ರ ಎಂದು ಹೇಳಲಿಲ್ಲ. ಯಾವ ಮತವನ್ನು ಬಿಟ್ಟವನಿಗೂ ಅದೇ ಬೇಲಿಯಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ದೇಶದ ಸಂವಿಧಾನದ 25ನೆಯ ಅನುಚ್ಛೇದವೂ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಸಮನಾಗಿ ಕೊಡುತ್ತದೆ. ಮಂತ್ರಿಯಾಗುವವನು ದೇವರ ಹೆಸರಿನಲ್ಲಿ ಪ್ರಮಾಣಮಾಡಬಹುದು. ಮನಸ್ಸಿಲ್ಲದಿದ್ದರೆ ದೇವರ ಹೆಸರನ್ನೆತ್ತದೆ ದೃಢವಾಗಿ ಮಾತು ಕೊಡಬಹುದು. ನಮ್ಮ ಹೊಲವನ್ನು ಕಾಯುವ ಬೇಲಿಯು ನೆರೆಯವನ ಹೊಲವನ್ನೂ ಕಾಯುವದಾದರೆ, ಅವನ ಕಡೆಯಲ್ಲಿ ಅದನ್ನು ಕಿತ್ತುಹಾಕುವವನು ಬುದ್ಧಿವಂತನೋ?

ಎರಡನೆಯದು. ದೇವರ ವಾಕ್ಯವು ನಂಬದವನನ್ನು ಹೊರಗೆ ಹಾಕೆಂದು ಹೇಳುವದಿಲ್ಲ.

ದೇವರಿಲ್ಲವೆಂದು ಮನಸ್ಸಿನಲ್ಲಿ ಅಂದುಕೊಳ್ಳುವವನನ್ನು ದುರ್ಮತಿಯೆಂದು ಕರೆಯುವ 14ನೆಯ ಕೀರ್ತನೆಯನ್ನು ಕೆಲವರು ಕಲ್ಲನ್ನು ಹಿಡಿಯುವ ಹಾಗೆ ಹಿಡಿದು ನಾಸ್ತಿಕನ ಕಡೆಗೆ ಎಸೆಯುತ್ತಾರೆ. ಅಂಥವರು ದಯವಿಟ್ಟು ಆ ಕೀರ್ತನೆಯನ್ನು ಕಡೆಯ ತನಕ ಓದಲಿ. ಅಲ್ಲಿ ಕೀರ್ತನೆಗಾರನು ದೂರುವದು ಬಡವರನ್ನು ನುಂಗುವವರನ್ನು. ನಾಲಿಗೆಯಲ್ಲಿ ದೇವರ ಹೆಸರಿದ್ದು, ಸಾಲಪತ್ರ ಬರೆಯಿಸುವಾಗಲೂ ಕೂಲಿ ಅಳೆಯುವಾಗಲೂ ದೇವರು ನೋಡುವದಿಲ್ಲವೆಂಬಂತೆ ನಡೆಯುವವನು ಮನಸ್ಸಿನಲ್ಲಿ ಏನಂದುಕೊಂಡ ಹಾಗಾಯಿತು? ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಇದೇ ಕೀರ್ತನೆಯ ಮಾತುಗಳನ್ನು ತೆಗೆದು, ದೇವಜನರೆಂದು ಹೆಚ್ಚಳಪಡುವವರೂ ಸೇರಿ ಎಲ್ಲರೂ ಪಾಪಕ್ಕೆ ಒಳಗಾದವರೇ ಎಂದು ತೋರಿಸುತ್ತಾನೆ. ಆದದರಿಂದ ಆ ಕಲ್ಲು ಮೊದಲು ನಮ್ಮ ಎದೆಗೆ ತಗಲತಕ್ಕದ್ದು.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯನ್ನೂ ನೋಡಿರಿ. 5ನೆಯ ಅಧ್ಯಾಯದಲ್ಲಿ ಅಪೊಸ್ತಲನು, ಲೋಕದವರ ಸಹವಾಸವನ್ನು ಪೂರಾ ಬಿಡಬೇಕಾದರೆ ಲೋಕವನ್ನೇ ಬಿಟ್ಟುಹೋಗಬೇಕಾಗುವದೆಂದು ಸೂಚಿಸುತ್ತಾನೆ. 7ನೆಯ ಅಧ್ಯಾಯದಲ್ಲಿ, ನಂಬದ ಹೆಂಡತಿಯು ಕೂಡಿ ಬಾಳುವದಕ್ಕೆ ಒಪ್ಪಿದರೆ ಗಂಡನು ಆಕೆಯನ್ನು ಬಿಡಬಾರದು, ನಂಬದ ಗಂಡನನ್ನು ಹೆಂಡತಿಯು ಬಿಡಬಾರದು ಎನ್ನುತ್ತಾನೆ. 10ನೆಯ ಅಧ್ಯಾಯದಲ್ಲಿ, ನಂಬದವನು ಊಟಕ್ಕೆ ಕರೆದರೆ ಮನಸ್ಸಿದ್ದವರು ಹೋಗಬಹುದೆಂದು ಅಪ್ಪಣೆಕೊಡುತ್ತಾನೆ. ಒಂದೇ ಹಾಸಿಗೆಯನ್ನೂ ಒಂದೇ ಎಲೆಯನ್ನೂ ಅಪೊಸ್ತಲನು ನಿಷೇಧಿಸದಿರುವಲ್ಲಿ ನಾವು ತಾಯಿಯ ಪೆಟ್ಟಿಗೆಯನ್ನು ನಿಷೇಧಿಸಿದೆವಲ್ಲಾ!

ತೋಮನನ್ನು ಜ್ಞಾಪಿಸಿಕೊಳ್ಳಿರಿ. ಕಣ್ಣಾರೆ ಕಂಡು ಕೈಯಾರೆ ಮುಟ್ಟಿದ ಹೊರತು ನಂಬಲಾರೆನೆಂದು ಅವನು ಹನ್ನೊಂದು ಮಂದಿಯಲ್ಲಿ ಒಬ್ಬನಾಗಿದ್ದು ಹೇಳಿದನು. ಆ ಮಾತಿಗಾಗಿ ಉಳಿದವರು ಅವನನ್ನು ಹೊರಗೆ ಹಾಕಿದರೋ? ಇಲ್ಲ. ಎಂಟು ದಿವಸಗಳಾದ ಮೇಲೆಯೂ ಅವನು ಅವರ ಸಂಗಡ ಅದೇ ಮನೆಯಲ್ಲಿದ್ದನೆಂದು ಯೋಹಾನನು ಬರೆದಿದ್ದಾನೆ. ಕರ್ತನು ಬಂದಾಗ ತೋಮನು ಅಲ್ಲಿದ್ದದ್ದರಿಂದಲೇ ಆತನನ್ನು ಕಂಡನು. ಶಿಷ್ಯರು ಅವನನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಿದ್ದರೆ ಅವನು ಆ ದಿನ ಎಲ್ಲಿರುತ್ತಿದ್ದನು? ಸಮಾರ್ಯದ ಒಂದು ಹಳ್ಳಿಯವರು ಕರ್ತನನ್ನು ಸೇರಿಸಿಕೊಳ್ಳದೆ ಹೋದಾಗ ಯಾಕೋಬ ಯೋಹಾನರು ಆಕಾಶದಿಂದ ಬೆಂಕಿಯನ್ನು ಬೀಳಿಸೋಣವೋ ಎಂದು ಕೇಳಿದ್ದನ್ನೂ ಬಲ್ಲಿರಿ. ಗದರಿಸಲ್ಪಟ್ಟವರು ಆ ಹಳ್ಳಿಯವರಲ್ಲ. ಬೆಂಕಿಯನ್ನು ಬೇಡಿದ ಶಿಷ್ಯರು.

ಮೂರನೆಯದು. ನಮ್ಮ ಕಠಿಣತೆಯು ನಾಸ್ತಿಕರನ್ನು ಹುಟ್ಟಿಸುತ್ತದೆ. ನಮ್ಮ ನ್ಯಾಯವು ಕರ್ತನ ನಾಮವನ್ನು ಕಾಪಾಡುತ್ತದೆ.

ಇದಕ್ಕೆ ಇಂಗ್ಲೆಂಡಿನ ಒಂದು ನಿಜಸಂಗತಿಯನ್ನು ಹೇಳುವೆವು. ಲಂಡನ್ ಪಟ್ಟಣದಲ್ಲಿ 1833ರಲ್ಲಿ ಒಂದು ಬಡ ಮನೆಯಲ್ಲಿ ಚಾರ್ಲ್ಸ್ ಬ್ರ್ಯಾಡ್ಲಾ ಎಂಬವನು ಹುಟ್ಟಿದನು. ಹುಡುಗನಾಗಿರುವಾಗಲೇ ಅವನು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದನು. ಸುಮಾರು 15 ವರುಷದವನಾಗಿದ್ದಾಗ, ಸಭೆಯಲ್ಲಿ ದೃಢೀಕರಣವನ್ನು ಹೊಂದುವದಕ್ಕೆ ಸಿದ್ಧನಾಗಲಿಕ್ಕೆ ಸುವಾರ್ತೆಗಳನ್ನೂ ಇಂಗ್ಲೆಂಡಿನ ಸಭೆಯ 39 ವಿಶ್ವಾಸಪ್ರಕರಣಗಳನ್ನೂ ಕೂಡಿಸಿ ಓದಿದನು. ಕೆಲವು ಕಡೆ ಒಂದಕ್ಕೊಂದು ಹೊಂದುವದಿಲ್ಲವೆಂದು ಅವನಿಗೆ ತೋರಿತು. ತನ್ನ ಸಂದೇಹವನ್ನು ಬಗೆಹರಿಸಬೇಕೆಂದು ಸಭಾಪಾಲಕನಿಗೆ ಕಾಗದ ಬರೆದನು. ಸಭಾಪಾಲಕನು ಉತ್ತರ ಹೇಳಲಿಲ್ಲ. ಹುಡುಗನಿಗೆ ನಾಸ್ತಿಕಬುದ್ಧಿ ಬಂದಿದೆಯೆಂದು ತಂದೆತಾಯಿಗಳಿಗೆ ದೂರುಹೇಳಿ, ಅವನನ್ನು ಭಾನುವಾರದ ಶಾಲೆಯ ಕೆಲಸದಿಂದ ನಿಲ್ಲಿಸಿದನು. ಕಡೆಗೆ ಹುಡುಗನು ಮನೆಯನ್ನೇ ಬಿಟ್ಟು ಹೋಗಬೇಕಾಯಿತು. ಕಾಗದ ಬರೆದಾಗ ಅವನು ನಾಸ್ತಿಕನಾಗಿರಲಿಲ್ಲ, ಕೇಳುವವನಾಗಿದ್ದನು. ತರುವಾಯ ಆ ದೇಶದ ನಾಸ್ತಿಕರಿಗೆಲ್ಲಾ ಮುಂದಾಳಾದನು. ಸಭೆಯ ಹಿರಿಯರೇ, ಹುಡುಗರ ಪ್ರಶ್ನೆಗಳಿಗೆ ಸಿಟ್ಟಾಗುವ ತಂದೆಗಳೇ, ಈ ಕಾಗದವನ್ನು ಮರೆಯಬೇಡಿರಿ.

1880ರಲ್ಲಿ ನಾರ್ಥಾಂಪ್ಟನ್ ಎಂಬ ಊರಿನವರು ಬ್ರ್ಯಾಡ್ಲಾನನ್ನು ಪಾರ್ಲಿಮೆಂಟಿಗೆ ಆರಿಸಿ ಕಳುಹಿಸಿದರು. ಒಳಗೆ ಕುಳಿತುಕೊಳ್ಳುವದಕ್ಕೆ ದೇವರ ಹೆಸರಿನಲ್ಲಿ ಆಣೆಯಿಡಬೇಕಾಗಿತ್ತು. ತಾನು ಆಣೆಯಿಡದೆ ದೃಢವಚನ ಕೊಡುವೆನೆಂದು ಅವನು ಕೇಳಿಕೊಂಡನು, ಒಪ್ಪಲಿಲ್ಲ. ಹಾಗಾದರೆ ಎಲ್ಲರ ಹಾಗೆ ಆಣೆಯಿಡುವೆನೆಂದನು. ನಾಸ್ತಿಕನ ಆಣೆಗೆ ಬೆಲೆಯಿಲ್ಲವೆಂದು ಅದನ್ನೂ ಒಪ್ಪಲಿಲ್ಲ. ಒಂದು ರಾತ್ರಿ ಅವನನ್ನು ಸೆರೆಯಲ್ಲಿಟ್ಟರು. 1881ರಲ್ಲಿ ಬಲಾತ್ಕಾರದಿಂದ ಹೊರಗೆ ದಬ್ಬಿಸಿದರು. ಊರಿನವರು ತಿರಿಗಿ ತಿರಿಗಿ ಅವನನ್ನೇ ಆರಿಸಿದರು.

ಆಗ ಪ್ರಧಾನಮಂತ್ರಿಯಾಗಿದ್ದವನು ಗ್ಲ್ಯಾಡ್‌ಸ್ಟನ್. ಈತನು ದೃಢವಾದ ಕ್ರೈಸ್ತನು. ತನ್ನ ಊರಿನ ದೇವಾಲಯದಲ್ಲಿ ನಿಂತು ವೇದಪಾಠಗಳನ್ನು ಓದುತ್ತಿದ್ದವನು. ಬ್ರ್ಯಾಡ್ಲಾನ ಅಭಿಪ್ರಾಯಗಳು ಈತನಿಗೆ ಬಹು ಅಸಹ್ಯವಾಗಿದ್ದವು. ಆದರೂ 1883ರ ಏಪ್ರಿಲ್ 26ರಂದು ಈತನು ಎದ್ದುನಿಂತು, ಆಣೆಯಿಡಲು ಮನಸ್ಸಿಲ್ಲದವನು ದೃಢವಚನ ಕೊಟ್ಟು ಒಳಗೆ ಬರಬಹುದೆಂಬ ಮಸೂದೆಯ ಪರವಾಗಿ ಮಾತಾಡಿದನು. ಆತನ ವಾದದ ಸಾರವು ಇಷ್ಟೇ: ಅನ್ಯಾಯವನ್ನು ತಂದು ಧರ್ಮಕ್ಕೆ ಕಟ್ಟಿದರೆ, ಜನರು ಅನ್ಯಾಯವನ್ನು ಹೇಸುವಾಗ ಧರ್ಮವನ್ನೂ ಹೇಸುವರು, ಹೀಗೆ ಧರ್ಮವನ್ನು ಕಾಯುವೆವೆನ್ನುವವರೇ ಅದಕ್ಕೆ ಹಾನಿಮಾಡುವರು. ಆ ಮಸೂದೆಗೆ 289 ಮಂದಿ ಪರವಾಗಿಯೂ 292 ಮಂದಿ ವಿರೋಧವಾಗಿಯೂ ಮತಕೊಟ್ಟದ್ದರಿಂದ ಅದು ಕೇವಲ 3 ಮತಗಳಿಂದ ಬಿದ್ದುಹೋಯಿತು. ಆದರೆ ಸತ್ಯವು ಬೀಳಲಿಲ್ಲ. 1886ರಲ್ಲಿ ಬ್ರ್ಯಾಡ್ಲಾನು ತನ್ನ ಸ್ಥಾನದಲ್ಲಿ ಕುಳಿತನು. 1888ರಲ್ಲಿ ದೃಢವಚನದ ಹಕ್ಕು ಎಲ್ಲರಿಗೂ ದೊರಕುವ ಕಾಯಿದೆ ಬಂದಿತು.

ಈ ನಾಸ್ತಿಕನು ಇಂಡಿಯಾ ದೇಶದ ಬಡವರ ಪರವಾಗಿ ಪಾರ್ಲಿಮೆಂಟಿನಲ್ಲಿ ಎಷ್ಟೋ ಸಾರಿ ಮಾತಾಡಿದನು. 1889ರ ಡಿಸೆಂಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ಸಭೆಗೆ ಬಂದಿದ್ದನು. 1891ರ ಜನವರಿ 30ರಂದು ಅವನು ತೀರಿಕೊಂಡನು. ಅವನ ಶವಸಂಸ್ಕಾರಕ್ಕೆ ಹೋದವರಲ್ಲಿ ಲಂಡನಿನಲ್ಲಿ ಓದುತ್ತಿದ್ದ ಮೋಹನದಾಸ ಗಾಂಧಿಯೆಂಬ ತರುಣನೊಬ್ಬನು. ಆತನು ತನ್ನ ಆತ್ಮಕಥೆಯಲ್ಲಿ ಎರಡು ಸಂಗತಿಗಳನ್ನು ಬರೆದಿಟ್ಟಿದ್ದಾನೆ. ಕಡೆಯ ಮರ್ಯಾದೆಯನ್ನು ಸಲ್ಲಿಸುವದಕ್ಕೆ ಕೆಲವರು ಪಾದ್ರಿಗಳೂ ಅಲ್ಲಿ ಬಂದಿದ್ದರೆಂಬದು ಒಂದು. ಹಿಂದಿರುಗುವಾಗ ರೈಲಿನ ನಿಲ್ದಾಣದಲ್ಲಿ ಒಬ್ಬ ನಾಸ್ತಿಕನು ಆ ಪಾದ್ರಿಗಳಲ್ಲಿ ಒಬ್ಬನನ್ನು ಹಿಡಿದು, ನಿನ್ನ ದೇವರು ಎಷ್ಟು ದೊಡ್ಡವನು, ಎಲ್ಲಿದ್ದಾನೆಂದು ಎಲ್ಲರೆದುರಿಗೆ ಹಂಗಿಸಿದನೆಂಬದು ಇನ್ನೊಂದು. ಪಾದ್ರಿಯು ಮೆಲ್ಲಗೆ ಉತ್ತರಕೊಟ್ಟು, ಮತ್ತೂ ಹಂಗಿಸಲು ಸುಮ್ಮನಾದನು. ಆ ಸಂಭಾಷಣೆಯಿಂದ ನಾಸ್ತಿಕಮತದಲ್ಲಿ ತನಗಿದ್ದ ಬೇಸರವು ಹೆಚ್ಚಾಯಿತೆಂದು ಗಾಂಧಿಯವರು ಹೇಳುತ್ತಾರೆ. ನೋಡಿದಿರೋ? ಒಬ್ಬ ಪಾದ್ರಿಯ ಸಿಟ್ಟು ಒಬ್ಬ ಹುಡುಗನನ್ನು ದೇವಾಲಯದಿಂದ ದೂರಮಾಡಿತು. ಒಬ್ಬ ನಾಸ್ತಿಕನ ಹಂಗಿಸುವಿಕೆಯು ಒಬ್ಬ ತರುಣನನ್ನು ನಾಸ್ತಿಕಮತದಿಂದ ದೂರಮಾಡಿತು. ಮರ್ಯಾದೆಗೆಟ್ಟ ಮಾತು ಯಾರ ಬಾಯಿಂದ ಬಂದರೂ ಅವರ ಪಕ್ಷವನ್ನೇ ಕೆಡಿಸುತ್ತದೆ.

ನಾಲ್ಕನೆಯದು. ಒಲ್ಲೆನೆಂದವನು ತೋಟದಲ್ಲಿ ಕೆಲಸಮಾಡುತ್ತಿದ್ದರೆ ನಾವು ಅದನ್ನು ಒಪ್ಪಿಕೊಳ್ಳಬೇಕು.

ಆಂಧ್ರದೇಶದಲ್ಲಿ ಗೋರಾ ಎಂಬ ಹೆಸರಿನಿಂದ ಪ್ರಸಿದ್ಧನಾದ ಗೋಪರಾಜು ರಾಮಚಂದ್ರ ರಾವ್ ಎಂಬವನು 1902ರಿಂದ 1975ರ ವರೆಗೆ ಬದುಕಿದನು. ಬ್ರಾಹ್ಮಣ ಮನೆಯಲ್ಲಿ ಹುಟ್ಟಿ, ಕಾಲೇಜಿನಲ್ಲಿ ಪಾಠಹೇಳುತ್ತಿದ್ದ ಈತನು ನಾಸ್ತಿಕನಾದದ್ದರಿಂದ ಕೆಲಸವನ್ನು ಕಳಕೊಂಡನು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರೆಂಬ ಹಳ್ಳಿಯಲ್ಲಿ ಒಂದು ನಾಸ್ತಿಕಕೇಂದ್ರವನ್ನು ಸ್ಥಾಪಿಸಿ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರನ್ನೂ ಉಳಿದವರನ್ನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳ್ಳಿರಿಸುವ ಕೆಲಸಮಾಡಿದನು. ತನ್ನ ಹಿರಿಯ ಮಗಳನ್ನು ಅಂಥ ಕುಲದಲ್ಲಿ ಹುಟ್ಟಿದ ತರುಣನಿಗೆ ಮದುವೆಮಾಡಿಕೊಡಲು ನಿಶ್ಚಯಿಸಿದನು. ದಿನಕ್ಕೆರಡು ಸಾರಿ ದೇವರನ್ನು ಪ್ರಾರ್ಥಿಸುತ್ತಿದ್ದ ಗಾಂಧಿಯವರು ಈ ನಾಸ್ತಿಕನನ್ನು ತಮ್ಮ ಆಶ್ರಮದಲ್ಲಿ ಸೇರಿಸಿಕೊಂಡು, ಅವನ ಸಂಗಡ ಬಹಳವಾಗಿ ಮಾತಾಡಿ, ಆ ಮದುವೆಯನ್ನು ಆಶ್ರಮದಲ್ಲಿಯೇ ನಡಿಸಿಕೊಡಲು ಒಪ್ಪಿದ್ದರು. ಅವರ ಮರಣದ ತರುವಾಯ 1948ರ ಮಾರ್ಚಿಯಲ್ಲಿ ಸೇವಾಗ್ರಾಮದಲ್ಲಿ ಆ ಮದುವೆಯು ನೆರವೇರಿತು. ಗಾಂಧಿಯವರು ನಾಸ್ತಿಕರಾಗಲಿಲ್ಲ, ಗೋರಾನು ಆಸ್ತಿಕನಾಗಲಿಲ್ಲ. ಆದರೆ ಇಬ್ಬರೂ ಒಂದೇ ಕೆಲಸಕ್ಕೆ ಹೆಗಲು ಕೊಟ್ಟರು.

ಇದನ್ನು ಕೇಳುವಾಗ ನಮಗೆ ನಾಚಿಕೆಯಾಗಬೇಕು. ಒಂದೇ ಪಾತ್ರೆಯಿಂದ ಕರ್ತನ ಭೋಜನವನ್ನು ತೆಗೆದುಕೊಂಡು, ಮದುವೆಯ ಮಾತು ಬಂದಾಗ ಹಳೆಯ ಜಾತಿಯನ್ನು ಹುಡುಕುವ ಮನೆಗಳು ನಮ್ಮಲ್ಲಿ ಇಲ್ಲವೋ? ಹೋಗುವೆನೆಂದು ಹೇಳಿ ಜಗಲಿಯ ಮೇಲೆ ಕುಳಿತಿರುವ ಮಗನು ಯಾರೆಂದು ಇನ್ನೂ ಕೇಳಬೇಕೋ?

ಆದರೂ ತಪ್ಪು ತಿಳುಕೊಳ್ಳಬೇಡಿರಿ. ಒಲ್ಲೆನೆಂಬ ಮಾತನ್ನು ಕರ್ತನು ಹೊಗಳಲಿಲ್ಲ. ದೇವರಿದ್ದಾನೆಂಬದೂ ಇಲ್ಲವೆಂಬದೂ ಒಂದೇ ಎಂದು ನಾವು ಹೇಳುವದಿಲ್ಲ. ತಂದೆಯಿದ್ದಾನೆ, ತನ್ನ ಮಗನನ್ನು ನಮಗಾಗಿ ಕೊಟ್ಟಿದ್ದಾನೆ, ಇದನ್ನು ಬಿಟ್ಟರೆ ನಮಗೆ ಬದುಕಿಲ್ಲ. ಆದರೆ ಸನ್ಮಾನಿಸುವದು ಬೇರೆ, ಒಪ್ಪಿಕೊಳ್ಳುವದು ಬೇರೆ. ಪೇತ್ರನು ತನ್ನ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಎರಡನ್ನೂ ಕೂಡಿಸಿ ಕಲಿಸುತ್ತಾನೆ. ನಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಬೇಕು. ಆ ಉತ್ತರವು ಸಾತ್ವಿಕವಾಗಿಯೂ ಭಯಭಕ್ತಿಯುಳ್ಳದ್ದಾಗಿಯೂ ಇರಬೇಕು. ಉತ್ತರವಿಲ್ಲದ ಸಾತ್ವಿಕತ್ವವು ಹೇಡಿತನ. ಸಾತ್ವಿಕತ್ವವಿಲ್ಲದ ಉತ್ತರವು ಬರೇ ಗದ್ದಲ.

ಈಗ ಆ ಉಪಾಧ್ಯಾಯನ ಸಂಗತಿಗೆ ಹಿಂದಿರುಗೋಣ. ತಾಯಿಯು ಸತ್ತ ವರುಷ ಸುಗ್ಗಿಯ ಸ್ತೋತ್ರಾರಾಧನೆಯ ದಿವಸ ಬೆಳಿಗ್ಗೆ ದೇವಾಲಯದ ಬಾಗಿಲಲ್ಲಿ ಒಂದು ಮೂಟೆ ರಾಗಿಯಿತ್ತು. ಮೂಟೆಗೆ ಕಟ್ಟಿದ್ದ ಚೀಟಿಯಲ್ಲಿ ತಾಯಿಯ ಹೆಸರಿತ್ತು. ಆಕೆಯು ತನ್ನ ತುಂಡುಹೊಲದ ಬೆಳೆಯಿಂದ ವರುಷವರುಷವೂ ಒಂದು ಮೂಟೆಯನ್ನು ಕರ್ತನಿಗೆ ಕೊಡುವೆನೆಂದು ಹರಕೆಮಾಡಿದ್ದಳು. ಹಿರಿಯರು ಅಲ್ಲಿಯೇ ಕೂಡಿದರು. ನಂಬದವನ ಕಾಣಿಕೆಯನ್ನು ಹಿಂದಕ್ಕೆ ಕಳುಹಿಸಬೇಕೆಂದು ಇಬ್ಬರು ಹೇಳಿದರು. ನಾವು ಆ ಮೂಟೆಯನ್ನು ನೋಡುತ್ತಾ ನಿಂತೆವು. ಬೇಲಿಯ ಹೊರಗೆ ಮಳೆಯಲ್ಲಿ ನಿಂತಿದ್ದವನ ಮುಖವು ಕಣ್ಣಮುಂದೆ ಬಂದಿತು. ಈ ಸಾರಿ ನಾವು ಸುಮ್ಮನಿರಲಿಲ್ಲ. ಇದು ಒಬ್ಬ ವಿಶ್ವಾಸಿಯ ಹರಕೆ, ಅದನ್ನು ಒಬ್ಬ ಮಗನ ಕೈ ತಂದಿದೆ, ಇದನ್ನು ತಳ್ಳುವದಾದರೆ ನಮ್ಮನ್ನೂ ತಳ್ಳಿರಿ ಎಂದು ಹೇಳಿ ಮೂಟೆಯನ್ನು ಒಳಗೆ ಇಡಿಸಿದೆವು.

ಆರಾಧನೆಯು ಮುಗಿದ ಮೇಲೆ ಪೆಟ್ಟಿಗೆಗೆ ಅಡ್ಡಹಾಕಿದ್ದ ಆ ಹಿರಿಯನನ್ನು ಕರಕೊಂಡು ಉಪಾಧ್ಯಾಯನ ಮನೆಗೆ ಹೋದೆವು. ಅವನು ಎದ್ದು ಚಾಪೆ ಹಾಸಿ ನೀರು ಕೊಟ್ಟನು. ನಾವು, “ಮೇಷ್ಟ್ರೇ, ನಿಮ್ಮ ತಾಯಿಯ ಮಣ್ಣಿನ ದಿವಸ ನಾವು ನಿಮಗೆ ಅನ್ಯಾಯಮಾಡಿದೆವು. ಹೇಳಬೇಕಾದ ಮಾತನ್ನು ಹೇಳದೆ ನಿಂತೆವು. ಕ್ಷಮಿಸಬೇಕು” ಎಂದೆವು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ತರುವಾಯ, “ಅಯ್ಯನವರೇ, ನನ್ನದೂ ಒಂದು ತಪ್ಪುಂಟು. ಇವರು ಪ್ರಾರ್ಥನೆಮಾಡುವ ರೀತಿಯನ್ನು ಶಾಲೆಯ ಮಕ್ಕಳ ಮುಂದೆ ಅಣಕಿಸಿ ನಗಿಸಿದ್ದೆನು. ಅದು ಇವರ ಕಿವಿಗೆ ಬಿದ್ದಿತೆಂದು ಅವ್ವ ಬಹಳ ನೊಂದುಕೊಂಡಳು. ಆ ದಿನ ಇವರ ಸಿಟ್ಟಿಗೆ ಅದೂ ಕಾರಣವಿದ್ದೀತು” ಎಂದನು. ಹಿರಿಯನು ತಲೆ ತಗ್ಗಿಸಿದನು. ಉಪಾಧ್ಯಾಯನು ಮತ್ತೂ, “ನಾನು ನಂಬುವದಿಲ್ಲ. ನಿಮ್ಮ ಸಂತೋಷಕ್ಕಾಗಿ ನಂಬುತ್ತೇನೆಂದು ಹೇಳಿದರೆ ಸುಳ್ಳಾಗುವದು. ಸುಳ್ಳು ಹೇಳಬಾರದೆಂದು ಅವ್ವನೇ ಕಲಿಸಿದ್ದಳು. ಆದರೆ ಅವ್ವ ಕೊಟ್ಟ ಮಾತು ನನ್ನ ಕೈಯಲ್ಲಿ ಮುರಿಯಬಾರದು” ಎಂದನು.

ಆ ಸಾಯಂಕಾಲ ಮೂವರೂ ಕೂಡಿ ಸ್ಮಶಾನಕ್ಕೆ ಹೋದೆವು. ಪ್ರಾರ್ಥನೆಮಾಡಬಹುದೋ ಎಂದು ನಾವು ಅವನನ್ನು ಕೇಳಿದೆವು. “ಅವ್ವನಿಗೆ ಇಷ್ಟವಾಗುತ್ತಿತ್ತು, ಮಾಡಿರಿ” ಎಂದು ಹೇಳಿ, ತಲೆಗೆ ಸುತ್ತಿದ್ದ ವಸ್ತ್ರವನ್ನು ತೆಗೆದು ಸುಮ್ಮನೆ ನಿಂತನು. ಅವನು ಆಮೆನ್ ಅನ್ನಲಿಲ್ಲ. ನಾವು ಅನ್ನಿಸಲಿಲ್ಲ. ಹಿರಿಯನು ಹಿಂದಿರುಗುವಾಗ ಅವನ ಹೆಗಲಿನ ಮೇಲೆ ಕೈಯಿಟ್ಟುಕೊಂಡು ನಡೆದನು.

ಅವನು ಮುಂದೆ ವಿಶ್ವಾಸಿಯಾದನೆಂದು ಹೇಳಿ ಈ ಸಂಗತಿಯನ್ನು ಮುಗಿಸುವದಕ್ಕೆ ನಮಗೆ ಆಶೆಯುಂಟು, ಆದರೆ ಹಾಗಾಗಲಿಲ್ಲ. ನಾವು ಆ ಊರನ್ನು ಬಿಡುವ ತನಕ ಅವನು ನಂಬಲಿಲ್ಲ. ರಾಗಿಯ ಮೂಟೆ ಮಾತ್ರ ಒಂದು ಸುಗ್ಗಿಯಲ್ಲಿಯೂ ತಪ್ಪಲಿಲ್ಲ. ಹೃದಯವನ್ನು ತೆರೆಯುವದು ಕರ್ತನ ಕೆಲಸ. ಬಾಗಿಲನ್ನು ಮುಚ್ಚದಿರುವದು ನಮ್ಮ ಕೆಲಸ. ನಾವು ಅವನನ್ನು ಸನ್ಮಾನಿಸತಕ್ಕದ್ದು ಅವನು ನಾಳೆ ನಂಬುವನೆಂಬ ಲೆಕ್ಕದಿಂದಲ್ಲ. ಅವನು ದೇವರ ಸ್ವರೂಪದಲ್ಲಿ ಉಂಟುಮಾಡಲ್ಪಟ್ಟವನೆಂದು ನಾವು ನಂಬುವದರಿಂದ. ಅವನು ಅದನ್ನು ನಂಬದಿದ್ದರೂ ನಾವು ನಂಬುತ್ತೇವಲ್ಲವೇ?

ಹೀಗಿರುವಲ್ಲಿ, ಪ್ರಿಯರೇ, ಈ ಕೆಲವು ಮಾತುಗಳನ್ನು ಮನೆಗೆ ತಕ್ಕೊಂಡುಹೋಗಿರಿ. ದೇವರಿಲ್ಲವೆನ್ನುವವನ ನಡತೆಯನ್ನು ಕುರಿತು ಕಾಣದ ಕೆಟ್ಟ ಮಾತನ್ನು ಆಡಬೇಡಿರಿ, ಅದು ಸುಳ್ಳುಸಾಕ್ಷಿ. ಅವನ ಮನೆಯಲ್ಲಿ ರೋಗವಿರುವಾಗಲೂ ಸಾವಿರುವಾಗಲೂ ಮೊದಲು ಹೋಗಿರಿ. ಅವನ ಮಕ್ಕಳಿಗೆ ಅವನು ತಿಳಿಯದ ಹಾಗೆ ಗುಟ್ಟಾಗಿ ಬೋಧಿಸಬೇಡಿರಿ. ನಮ್ಮ ಮಕ್ಕಳಿಗೆ ಯಾರಾದರೂ ಹಾಗೆ ಮಾಡಿದರೆ ನಾವು ಸಹಿಸುವೆವೋ? ಅವನು ಪ್ರಶ್ನೆ ಕೇಳಿದರೆ ಸಿಟ್ಟಾಗದೆ ತಿಳಿದಷ್ಟು ಹೇಳಿರಿ. ತಿಳಿಯದಿದ್ದರೆ ತಿಳಿಯದೆಂದು ಒಪ್ಪಿಕೊಳ್ಳಿರಿ. ಅವನು ನಮ್ಮನ್ನು ಹಾಸ್ಯಮಾಡಿದರೆ, ಇದು ನನಗೆ ನೋವುಂಟುಮಾಡುತ್ತದೆಂದು ಅವನಿಗೇ ನೆಟ್ಟಗೆ ಹೇಳಿರಿ, ಊರೆಲ್ಲಾ ದೂರಬೇಡಿರಿ. ನಿಮ್ಮ ಮಗನೋ ಮಗಳೋ ನಂಬಿಕೆಯನ್ನು ಕಳಕೊಂಡರೆ ಅವರ ತಟ್ಟೆಯನ್ನು ತೆಗೆಯಬೇಡಿರಿ, ಚಾಪೆಯನ್ನು ಸುತ್ತಿಡಬೇಡಿರಿ. ದುಂದುಗಾರ ಮಗನಿಗೆ ಹಿಂದಿರುಗಲಿಕ್ಕೆ ಒಂದು ಮನೆಯಿತ್ತೆಂಬದನ್ನು ಮರೆಯಬೇಡಿರಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಹೋಗುವೆವೆಂದು ಹೇಳಿ ಹೋಗದೆ ನಿಂತ ನಮ್ಮನ್ನು ಕ್ಷಮಿಸು. ನಿನ್ನ ಹೆಸರನ್ನು ಹೇಳದೆ ನಿನ್ನ ತೋಟದಲ್ಲಿ ದುಡಿಯುವವರನ್ನು ಕಂಡು ನಾವು ಹೊಟ್ಟೆಕಿಚ್ಚುಪಡದೆ ನಾಚಿಕೊಳ್ಳುವಂತೆ ಮಾಡು. ನಮ್ಮ ಕಠಿಣತೆಯಿಂದ ನಿನ್ನ ಬಾಗಿಲಿನಿಂದ ದೂರಹೋದವರಿದ್ದರೆ ಅವರ ಲೆಕ್ಕವನ್ನು ನಮ್ಮ ಮೇಲೆ ಹೊರಿಸದೆ, ಅವರನ್ನು ಕಂಡು ತಪ್ಪೊಪ್ಪಿಕೊಳ್ಳುವ ಧೈರ್ಯವನ್ನು ಕೊಡು. ನಮ್ಮ ನಂಬಿಕೆಯನ್ನು ಗಟ್ಟಿಮಾಡು, ನಮ್ಮ ನಾಲಿಗೆಯನ್ನು ಮೆತ್ತಗೆಮಾಡು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.